ರಿಯಾಲಾ, ರೂಪಾಯಿಯಾ? ಮೆಶಿನ್ ಕೇಳುವ ಪ್ರಶ್ನೆ

ಮಗನೋ ಅಳಿಯನೋ ಗಲ್ಫ್‌ನಲ್ಲಿರುವ ನಮ್ಮ ಮನೆಗಳಲ್ಲಿ ‘ಇವತ್ತು ರೇಟ್ ಎಷ್ಟು?’ ಅನ್ನುವುದು ಮೀನಿನ ಕ್ರಯ ಕೇಳಿದಷ್ಟೇ ಸಹಜವಾದ ಮಾತು. ಹತ್ತು ಪೈಸೆ ಜಾಸ್ತಿ ಸಿಗಬಹುದು ಅಂತ ಸಂಬಳ ಬಂದ ಮೇಲೂ ನಾಲ್ಕು ದಿನ ಕಾದು ಊರಿಗೆ ಹಣ ಕಳುಹಿಸುವವರು ನಮ್ಮವರು. ಅದೇ ನಾವು ಉಮ್ರಾಕ್ಕೆ ಹೋದಾಗ, ಮಕ್ಕಳನ್ನು ನೋಡಲು ದುಬೈಗೆ ಹೋದಾಗ, ಅಂಗಡಿಯಲ್ಲಿ ಕಾರ್ಡ್ ಕೊಟ್ಟು ಒಂದೊಂದು ರಿಯಾಲ್‌ಗೆ ಒಂದು ರೂಪಾಯಿಗಿಂತ ಹೆಚ್ಚು ಕಳೆದುಕೊಂಡು ಬರುವುದುಂಟು. ಕಳೆದುಕೊಂಡದ್ದು ಗೊತ್ತೂ ಆಗುವುದಿಲ್ಲ.

ಈಚೆಗೆ ಉಮ್ರಾ ಮುಗಿಸಿ ಬಂದ ನಮ್ಮ ಪರಿಚಯದ ಉಮ್ಮ ಒಬ್ಬರು ಮದೀನಾದಲ್ಲಿ ಖರ್ಜೂರ, ಮೊಮ್ಮಕ್ಕಳಿಗೆ ಬಟ್ಟೆ ಎಲ್ಲ ಖರೀದಿಸಿದ ರಸೀದಿಯನ್ನು ಜೋಪಾನವಾಗಿ ತಂದಿದ್ದರು. ‘ಅಂಗಡಿಯವ ಒಳ್ಳೆಯವ, ನಮ್ಮ ರೂಪಾಯಿಯಲ್ಲೇ ತೆಗೊಂಡ’ ಅಂದರು. ರಸೀದಿಯಲ್ಲಿದ್ದ ರೇಟನ್ನು ಆ ದಿನದ ರೇಟ್‌ನೊಂದಿಗೆ ಇಟ್ಟು ನೋಡಿದ ಮಗನ ಮುಖ ಸಣ್ಣದಾಯಿತು. ಉಮ್ಮನಿಗೆ ಅವನು ಏನೂ ಹೇಳಲಿಲ್ಲ.

ನಡೆದದ್ದು ಇಷ್ಟೆ. ಭಾರತದ ಕಾರ್ಡ್ ಹಾಕಿದ ಕೂಡಲೇ ಅಲ್ಲಿನ ಮೆಶಿನ್‌ಗೆ ಇದು ಹೊರದೇಶದ ಕಾರ್ಡ್ ಅಂತ ತಿಳಿಯುತ್ತದೆ. ಸ್ಕ್ರೀನ್ ಮೇಲೆ ‘ಎಸ್‌ಎಆರ್’ ಅಥವಾ ‘ಐಎನ್‌ಆರ್’, ಎರಡರಲ್ಲಿ ಒಂದನ್ನು ಆರಿಸಿ ಅನ್ನುತ್ತದೆ. ರೂಪಾಯಿ ಒತ್ತಿದರೆ ಲೆಕ್ಕ ಮಾಡುವುದು ನಮ್ಮ ಬ್ಯಾಂಕ್ ಅಲ್ಲ, ವೀಸಾ, ಮಾಸ್ಟರ್‌ಕಾರ್ಡ್‌ನವರೂ ಅಲ್ಲ. ಅಂಗಡಿಯ ಕಡೆಯ ಬ್ಯಾಂಕ್ ಅಥವಾ ಆ ಮೆಶಿನ್ ನಡೆಸುವ ಕಂಪೆನಿ ತನ್ನದೇ ರೇಟ್ ಹಾಕುತ್ತದೆ. ಅದರಲ್ಲಿ ಅದರ ಲಾಭ ಸೇರಿರುತ್ತದೆ, ಅಂಗಡಿಯವನಿಗೂ ಒಂದು ಪಾಲು ಹೋಗುವುದುಂಟು. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಶನ್ ಅಂತ ದೊಡ್ಡ ಹೆಸರು. ಇದು ಕಾನೂನುಬಾಹಿರವೇನಲ್ಲ. ಆದರೆ ಆಯ್ಕೆ ಕಾರ್ಡ್‌ನವರದ್ದೇ ಆಗಿರಬೇಕು, ಅಂಗಡಿಯವ ತಾನೇ ಒತ್ತಬಾರದು ಅನ್ನುವುದು ಕಾರ್ಡ್ ಕಂಪೆನಿಗಳ ನಿಯಮ. ಸಾಲು ಉದ್ದ ಇದ್ದಾಗ, ಕಾರ್ಡ್ ಹಿಡಿದವರು ವಯಸ್ಸಾದವರಾದಾಗ ಆ ನಿಯಮ ಎಷ್ಟು ನಡೆಯುತ್ತದೆ ಅನ್ನುವುದು ಬೇರೆ ಮಾತು.

ಲೆಕ್ಕ ಸುಲಭವಾಗಲಿ ಅಂತ ರಿಯಾಲ್‌ಗೆ 23 ರೂಪಾಯಿ ಅಂತ ಇಟ್ಟುಕೊಳ್ಳೋಣ. 1,000 ರಿಯಾಲ್ ಬಿಲ್ಲಿಗೆ 23,000 ರೂಪಾಯಿ. ರಿಯಾಲ್‌ನಲ್ಲೇ ಪಾವತಿಸಿದರೆ ನಮ್ಮ ಬ್ಯಾಂಕ್ ತನ್ನ ಮಾರ್ಕ್‌ಅಪ್ ಸೇರಿಸುತ್ತದೆ. ಅದು ಶೇ. 3.5 ಅಂತಾದರೆ 805 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ, 145 ರೂಪಾಯಿ. ಒಟ್ಟು 23,950. ಇದೂ ಕಡಿಮೆಯಲ್ಲ. ಆದರೆ ರೂಪಾಯಿ ಒತ್ತಿ, ಮೆಶಿನ್ ಶೇ. 6 ಸೇರಿಸಿದರೆ ಅಲ್ಲೇ 24,380 ಆಯಿತು. ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ರೂಪಾಯಿಯಲ್ಲಿ ಕೊಟ್ಟಿದ್ದರೂ ವ್ಯವಹಾರ ನಡೆದದ್ದು ವಿದೇಶದಲ್ಲಿ ಅಂತ ನಮ್ಮ ಕೆಲವು ಬ್ಯಾಂಕ್‌ಗಳು ಅದಕ್ಕೆ ಬೇರೆಯೇ ಶುಲ್ಕ ಹಾಕುತ್ತವೆ. ಒಂದು ಸಲ ಅಲ್ಲಿ ಕೊಯ್ದರು, ಇನ್ನೊಂದು ಸಲ ಇಲ್ಲಿ!

‘ರೂಪಾಯಿಯಲ್ಲಿ ಕೊಟ್ಟರೆ ಎಷ್ಟು ಹೋಯಿತು ಅಂತ ಅಲ್ಲೇ ಗೊತ್ತಾಗುತ್ತದಲ್ಲ’ ಅನ್ನುವವರಿದ್ದಾರೆ. ಗೊತ್ತಾಗುವುದು ಹೌದು, ಆದರೆ ಅದನ್ನು ತಿಳಿಯಲು ಐದಾರು ನೂರು ರೂಪಾಯಿ ಕೊಡಬೇಕಾಗಿಲ್ಲ, ಫೋನಿನ ಕ್ಯಾಲ್ಕ್ಯುಲೇಟರ್ ಸಾಕು. ಇನ್ನೊಂದು ಹೆದರಿಕೆ, ಬಿಲ್ಲು ಬರುವಷ್ಟರಲ್ಲಿ ರಿಯಾಲ್ ಏರಿದರೆ? 1986ರಿಂದ ರಿಯಾಲ್ ಒಂದು ಡಾಲರ್‌ಗೆ 3.75ರಲ್ಲೇ ನಿಂತಿದೆ. ದಿರ್ಹಮ್ 1997ರಿಂದ 3.6725ರಲ್ಲಿದೆ. ನಾವು ‘ರಿಯಾಲ್ ಏರಿತು’ ಅನ್ನುವುದು ನಿಜಕ್ಕೂ ನಮ್ಮ ರೂಪಾಯಿ ಡಾಲರ್ ಎದುರು ಇಳಿದಾಗ. ಬಿಲ್ಲು ಬರುವ ಎರಡು ಮೂರು ದಿನಗಳಲ್ಲಿ ಅದು ಸಾಮಾನ್ಯವಾಗಿ ಶೇ. 6 ಇಳಿಯುವುದಿಲ್ಲ.

ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ, ‘ಕನ್ವರ್ಶನ್ ಒಪ್ಪುತ್ತೀರಾ’ ಅಂತ. ಬೇಡ ಅಂತ ಒತ್ತಿದರೂ ಹಣ ಬರುತ್ತದೆ. ಬೇಡ ಅಂದರೆ ಹಣವೇ ಬರಲಿಕ್ಕಿಲ್ಲ ಅಂತ ಹೆದರಿ ಒಪ್ಪುವವರೇ ಜಾಸ್ತಿ. ಕ್ರೆಡಿಟ್ ಕಾರ್ಡ್‌ನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ಖರೀದಿಗೆ ಸಿಗುವ ಬಡ್ಡಿಯಿಲ್ಲದ ದಿನಗಳು ನಗದಿಗೆ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ ಶುರು. ಬಡ್ಡಿಯಿಂದ ದೂರ ಇರಬೇಕು ಅನ್ನುವವರು ಮಕ್ಕಾದಲ್ಲಿ ನಿಂತು ಅದಕ್ಕೆ ಸಿಕ್ಕಿಬೀಳುವುದು ಎಂಥ ಸಂಕಟ!

ಫಾರೆಕ್ಸ್ ಕಾರ್ಡ್ ಮಾಡಿಸುವವರು ಅದಕ್ಕೆ ರಿಯಾಲ್ ತುಂಬಿಸಿದ್ದಾರಾ, ಡಾಲರ್ ತುಂಬಿಸಿದ್ದಾರಾ ಅಂತ ಕೇಳಿಕೊಳ್ಳಿ. ಡಾಲರ್ ತುಂಬಿಸಿ ರಿಯಾಲ್‌ನಲ್ಲಿ ಖರ್ಚು ಮಾಡಿದರೆ ಬದಲಾವಣೆಗೆ ಮತ್ತೆ ಶುಲ್ಕ ಬೀಳಬಹುದು.

ನಮ್ಮ ಆಕ್ಷೇಪ ಇರುವುದು ಮದೀನಾದ ಅಂಗಡಿಯವನ ಮೇಲಲ್ಲ, ಇಲ್ಲಿನವರ ಮೇಲೆ. ಕಾರ್ಡ್ ಕೊಡುವ ಬ್ಯಾಂಕ್ ಶಾಖೆಗಳು ವಿದೇಶದ ಮಾರ್ಕ್‌ಅಪ್ ಎಷ್ಟು ಅಂತ ಕನ್ನಡದಲ್ಲಿ ಒಂದು ಸಾಲು ಬರೆದುಕೊಟ್ಟರೆ ಏನು ಹೋಗುತ್ತದೆ? ಉಮ್ರಾ ಕ್ಲಾಸ್ ನಡೆಸುವ ಟ್ರಾವೆಲ್ಸ್‌ನವರು ಇಹ್ರಾಮ್ ಉಡುವುದರಿಂದ ಹಿಡಿದು ಲಗೇಜ್ ತೂಕದ ತನಕ ತಾಳ್ಮೆಯಿಂದ ಹೇಳಿಕೊಡುತ್ತಾರೆ. ಅದರ ಜೊತೆ ಹತ್ತು ನಿಮಿಷ ಕಾರ್ಡ್ ಬಗ್ಗೆಯೂ ಹೇಳಲಿ. ಹತ್ತಿಪ್ಪತ್ತು ವರ್ಷ ಸ್ವಲ್ಪ ಸ್ವಲ್ಪವೇ ಕೂಡಿಟ್ಟು ಹೊರಟ ಹಿರಿಯರಿಗೆ ಸ್ಕ್ರೀನ್ ಮೇಲಿನ ಅರಬಿಯೂ ಇಂಗ್ಲಿಷೂ ಒಂದೇ. ಅವರಿಗೆ ಕಲಿಸಬೇಕಾದ್ದು ದೊಡ್ಡದೇನಲ್ಲ. ಕಾರ್ಡ್ ಕೊಡುವ ಮೊದಲೇ ಅಂಗಡಿಯವನಿಗೆ ‘ರಿಯಾಲ್’ ಅನ್ನಿ, ದುಬೈಯಲ್ಲಾದರೆ ‘ದಿರ್ಹಮ್’ ಅನ್ನಿ. ರಸೀದಿಯಲ್ಲಿ ರೂಪಾಯಿ ಕಂಡರೆ ಅಲ್ಲೇ ನಿಂತು, ಇದನ್ನು ರದ್ದು ಮಾಡಿ ರಿಯಾಲ್‌ನಲ್ಲಿ ಹಾಕು ಅಂತ ಕೇಳಿ. ಅಂಗಡಿ ಬಿಟ್ಟು ಬಂದ ಮೇಲೆ ಅದನ್ನು ಸರಿಪಡಿಸುವುದು ಕಷ್ಟ.