ಮನೆಯ ವೈದ್ಯ ವಿಚಾರ: ಯಕೃತ್ತಿನ ಗಂಟುಗಳು

ಹೊಟ್ಟೆನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಲ್ಲಿ ಸಣ್ಣ ಸಣ್ಣ ಗಂಟುಗಳಿವೆ ಎಂಬ ವರದಿ ಬಂದರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಪಲ್ಲಾವರಂನಲ್ಲಿರುವ ನಮಗಂತೂ ವರದಿ ಇಂಗ್ಲಿಷಿನಲ್ಲಿ, ಡಾಕ್ಟರ ಮಾತು ತಮಿಳಿನಲ್ಲಿ, ಭಯ ಮಾತ್ರ ಕನ್ನಡದಲ್ಲಿ! ಆದುದರಿಂದ ಈ ಸಲ ಆ ಗಂಟುಗಳ ವಿಚಾರವನ್ನೇ ನೋಡೋಣ.

ಯಕೃತ್ತಿನಲ್ಲಿ ತಯಾರಾಗುವ ಪಿತ್ತರಸವು ಸೂಕ್ಷ್ಮ ನಾಳಗಳಲ್ಲಿ ಹರಿದು ಕೊನೆಗೆ ಸಣ್ಣಕರುಳನ್ನು ಸೇರುತ್ತದೆ. ಶಿಶುವು ಗರ್ಭದಲ್ಲಿರುವಾಗ ಈ ನಾಳಗಳ ಕೆಲವು ಕವಲುಗಳು ಸರಿಯಾಗಿ ರೂಪುಗೊಳ್ಳದೆ ಗುಂಪಾಗಿ ಉಳಿದುಬಿಡುವುದುಂಟು. ಇವನ್ನು ಹ್ಯಾಮಾರ್ಟೋಮ ಎನ್ನುತ್ತಾರೆ. 1918ರಲ್ಲಿ ವಿವರಿಸಿದ ಫಾನ್ ಮೇಯನ್‌ಬುರ್ಗ್ ಅವರ ಹೆಸರಿನಿಂದಲೂ ಕರೆಯುತ್ತಾರೆ. ಗಾತ್ರ ಸಾಮಾನ್ಯವಾಗಿ 5 ಮಿಲಿಮೀಟರಿಗಿಂತ ಕಡಿಮೆ. ಕೆಲವರಲ್ಲಿ ಯಕೃತ್ತಿನ ತುಂಬ ಎಳ್ಳು ಚೆಲ್ಲಿದಂತೆ ಇರುತ್ತವೆ. ಇವುಗಳಿಂದ ಸಾಧಾರಣವಾಗಿ ಯಾವ ಬಾಧೆಯೂ ಇಲ್ಲ. ಅಡಿನೋಮ ಎಂಬ ಇನ್ನೊಂದು ಗಂಟು ಹೆಚ್ಚಾಗಿ ಒಂಟಿಯಾಗಿ, ಯಕೃತ್ತಿನ ಮೇಲ್ಪೊರೆಯ ಕೆಳಗೆ ಇರುತ್ತದೆ.

ತೊಡಕು ಏನೆಂದರೆ, ಬೇರೆ ಅಂಗದ ಕ್ಯಾನ್ಸರು ಯಕೃತ್ತಿಗೆ ಹರಡಿದಾಗಲೂ ಸ್ಕ್ಯಾನಿನಲ್ಲಿ ಹೀಗೆಯೇ ತೋರಬಹುದು. ನಮ್ಮ ಕಚೇರಿಯಲ್ಲಿ ಒಂದೇ ಬಣ್ಣದ ಫೈಲುಗಳೆಲ್ಲ ಒಂದೇ ವಿಷಯದವಲ್ಲವಷ್ಟೆ! ಒಳಗೆ ಬಿಚ್ಚಿ ನೋಡಬೇಕು. ಎಂ.ಆರ್.ಐ. ಪರೀಕ್ಷೆಯಿಂದ ಬಹುಮಟ್ಟಿಗೆ ತಿಳಿಯುತ್ತದೆ. ಸಂದೇಹ ಉಳಿದರೆ ಸೂಜಿಯಿಂದ ಚೂರು ತೆಗೆದು ನೋಡುತ್ತಾರೆ.

ಈ ಗಂಟುಗಳೇ ಕ್ಯಾನ್ಸರಾಗುವುದಿಲ್ಲವೇ? ಅಂಥ ಪ್ರಸಂಗಗಳು ವೈದ್ಯರ ಬರಹಗಳಲ್ಲಿ ಉಂಟು, ಆದರೆ ತೀರ ವಿರಳ. ಆ ಒಂದು ಭಯಕ್ಕಾಗಿ ಹ್ಯಾಮಾರ್ಟೋಮಗಳನ್ನು ಕೊಯ್ದು ತೆಗೆಯುವ ರೂಢಿಯಿಲ್ಲ.

ಹಾಗೆಂದು ಎಲ್ಲವೂ ಸಾಧುವಲ್ಲ. ಹೆಚ್ಚಾಗಿ ಹೆಂಗಸರಲ್ಲಿ ಕಾಣುವ, ಒಳಗೆ ಲೋಳೆಯೂ ಅಡ್ಡಗೋಡೆಗಳೂ ಇರುವ ಒಂದು ಬಗೆಯ ಸಿಸ್ಟು ಮುಂದೆ ಕ್ಯಾನ್ಸರಾಗಬಲ್ಲುದು. ಹುಟ್ಟಿನಿಂದಲೇ ದೊಡ್ಡ ಪಿತ್ತನಾಳ ಉಬ್ಬಿರುವ ದೋಷವೂ ಹಾಗೆಯೇ. ಇದು ಪಶ್ಚಿಮ ದೇಶಗಳಿಗಿಂತ ಏಷ್ಯದಲ್ಲಿ ಹೆಚ್ಚು. ಈ ಎರಡನ್ನೂ ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೇ ವಾಡಿಕೆ. 1958ರಲ್ಲಿ ಫ್ರಾನ್ಸಿನ ಕರೋಲಿ ಎಂಬ ವೈದ್ಯರು ವಿವರಿಸಿದ, ಯಕೃತ್ತಿನ ಒಳನಾಳಗಳು ಉಬ್ಬುವ ರೋಗದ ಮೇಲೂ ಕಣ್ಣಿಟ್ಟಿರಬೇಕು.

ಕಾಮಾಲೆಗೆ ನಮ್ಮಲ್ಲಿ ನೆಲನೆಲ್ಲಿ, ಇಲ್ಲಿಯವರಲ್ಲಿ ಕೀಳಾನೆಲ್ಲಿ. ಗಿಡ ಒಂದೇ, ನಂಬಿಕೆಯೂ ಒಂದೇ. ನಾಳ ಕಟ್ಟಿ ಬಂದ ಕಾಮಾಲೆಗೆ ಆ ಕಷಾಯ ದಾರಿ ಬಿಡಿಸದು. ಕಣ್ಣು ಹಳದಿಯಾದರೆ, ಜ್ವರ ಬಂದರೆ, ಕಾರಣವಿಲ್ಲದೆ ಮೈ ಇಳಿದರೆ ತಡಮಾಡದೆ ತೋರಿಸತಕ್ಕದ್ದು. ಸರ್ಕಾರದ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಯಕೃತ್ತಿನ ಶಸ್ತ್ರಚಿಕಿತ್ಸೆಯ ಸೌಲಭ್ಯವಿದೆ.

ಹಳೆಯ ವರದಿಗಳನ್ನು ಜೋಪಾನವಾಗಿಟ್ಟು ಜೊತೆಗೆ ಒಯ್ಯಿರಿ. ಕೇಳಬೇಕಾದ ಪ್ರಶ್ನೆ ಮೂರು: ಈ ಗಂಟಿನ ಹೆಸರೇನು? ಮೊದಲಿಗಿಂತ ಬೆಳೆದಿದೆಯೇ? ಮತ್ತೆ ಯಾವಾಗ ನೋಡಿಸಬೇಕು? ಉತ್ತರ ಯಾವ ಭಾಷೆಯಲ್ಲಿ ಬಂದರೂ ಬರೆದುಕೊಂಡು ಬನ್ನಿ.