ಸುಟ್ಟ ಗಾಯಕ್ಕೆ ತಾತ್ಕಾಲಿಕ ಚರ್ಮ

ಬೆಂಕಿ ಅನಾಹುತಕ್ಕೆ ಸಿಲುಕಿ ಆಸ್ಪತ್ರೆ ತಲಪಿದವರಲ್ಲಿ ಹಲವರು ಕೆಲವು ದಿನಗಳ ಬಳಿಕ ಸಾವನ್ನಪ್ಪುತ್ತಾರೆ. ಚರ್ಮದ ಹೊದಿಕೆ ಕಳಕೊಂಡ ದೇಹದಿಂದ ನೀರು, ಪ್ರೋಟೀನುಗಳು ಸೋರಿಹೋಗುವುದೂ ರೋಗಾಣುಗಳು ಒಳಹೊಗುವುದೂ ಇದಕ್ಕೆ ಮುಖ್ಯ ಕಾರಣ. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಮಿಕ್ಕಿ ಜನರು ಸುಟ್ಟಗಾಯಗಳಿಗೆ ತುತ್ತಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ರೋಗಿಯದೇ ತೊಡೆಯ ಚರ್ಮವನ್ನು ತೆಳುವಾಗಿ ತೆಗೆದು ಕಸಿ ಮಾಡುವುದು ಉತ್ತಮ ಚಿಕಿತ್ಸೆ. ಆದರೆ ಮೈಯ ಅರ್ಧಕ್ಕಿಂತ ಹೆಚ್ಚು ಸುಟ್ಟಿದ್ದರೆ ತೆಗೆಯಲು ಚರ್ಮವಾದರೂ ಎಲ್ಲಿ? ಆಗ ಕೆಲವು ವಾರಗಳ ಮಟ್ಟಿಗೆ ಗಾಯವನ್ನು ಮುಚ್ಚಿಡುವ ಬದಲಿ ಹೊದಿಕೆ ಬೇಕಾಗುತ್ತದೆ.

ಅಮೇರಿಕದ ಬರ್ಕ್ ಮತ್ತು ಯಾನಸ್ ಎಂಬವರು ದನದ ಕೊಲಾಜನ್, ಶಾರ್ಕ್ ಮೀನಿನ ಮೃದ್ವಸ್ಥಿಯ ಅಂಶ ಹಾಗೂ ಸಿಲಿಕೋನ್ ಪೊರೆಯಿಂದ ತಯಾರಿಸಿದ ಕೃತಕ ಚರ್ಮದ ಫಲಿತಾಂಶವನ್ನು 1981ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಅದು ಬಡವರ ಕೈಗೆಟಕುವಂತಹದ್ದಲ್ಲ. ಮುಂಬಯಿಯ ಡಾ. ಕೇಸ್ವಾನಿಯವರು ಬೇಯಿಸಿದ ಬಟಾಟೆಯ ಸಿಪ್ಪೆಯನ್ನು ಗಾಯಕ್ಕೆ ಹೊದಿಸಿ 1985ರಲ್ಲಿ ವರದಿ ಮಾಡಿದ್ದು ಈ ಕೊರತೆಯಿಂದಲೇ.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಸಾಧನೆ ಈ ಹಿನ್ನೆಲೆಯಲ್ಲಿ ಗಮನಾರ್ಹವಾದುದು. ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನು ತೆಗೆದು ಉಳಿದ ಹಂದರದಿಂದ ಸಿದ್ಧಪಡಿಸಿದ 'ಕೋಲಿಡರ್ಮ್' ಪೊರೆಗೆ 2023ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಮಂಜೂರಾತಿ ದೊರೆಯಿತು. ಚಿಕಿತ್ಸಾ ವೆಚ್ಚ 10,000 ರೂಪಾಯಿಗಳಿಂದ 2,000ಕ್ಕೆ ಇಳಿಯಬಹುದೆಂಬ ನಿರೀಕ್ಷೆಯಿದೆ. ಅದು ಯಾವುದರಿಂದ ತಯಾರಾದದ್ದೆಂದು ರೋಗಿಗೆ ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ. ಇನ್ನೊಂದು ದಾರಿ, ಮೃತರು ದಾನವಿತ್ತ ಚರ್ಮ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ, ತಿರುವನಂತಪುರ ವೈದ್ಯಕೀಯ ಕಾಲೇಜಿನಲ್ಲಿ 2025ರಲ್ಲಿ ಚರ್ಮ ಬ್ಯಾಂಕುಗಳು ಆರಂಭವಾದವು. ದಾನಕ್ಕೆ ರಕ್ತದ ಗುಂಪು ಹೊಂದಬೇಕೆಂದಿಲ್ಲ. ಆದರೆ ಮರಣಾನಂತರ ಸುಮಾರು 6 ಗಂಟೆಗಳೊಳಗೆ ಚರ್ಮವನ್ನು ತೆಗೆಯಬೇಕಾಗುತ್ತದೆ.

ಇವೆಲ್ಲದರಿಂದ ಕಾಸರಗೋಡಿಗೇನು ಲಾಭ? ರಾಜಧಾನಿ ಇಲ್ಲಿಂದ 500 ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿದೆ. ನಾವು ನಂಬಿರುವುದು ಮಂಗಳೂರನ್ನು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ನಂಬಿಕೆಯ ಗತಿಯೇನಾಯಿತೆಂಬುದನ್ನು ಜಿಲ್ಲೆ ಮರೆತಿಲ್ಲ. ಮೈಯೆಲ್ಲ ಸುಟ್ಟವನನ್ನು ದೂರಕ್ಕೆ ಸಾಗಿಸುವುದು ಅಪಾಯಕರ. ಪೊಟ್ಟಣದಲ್ಲಿಟ್ಟ ಪೊರೆಯನ್ನು ಸಾಗಿಸುವುದು ಸುಲಭ. ಆದುದರಿಂದ ಪೊರೆ ರೋಗಿಯ ಬಳಿಗೆ ಬರಬೇಕೇ ಹೊರತು ರೋಗಿ ಪೊರೆಯ ಬಳಿಗಲ್ಲ.

ಆದರೆ ಪೊರೆಯೊಂದು ಬಂದರೆ ಸಾಲದು. ಗಾಯವನ್ನು ಶುಚಿಗೊಳಿಸಿ ಅದನ್ನು ಹೊದಿಸಬಲ್ಲ ವೈದ್ಯರು, ತರಬೇತಾದ ದಾದಿಯರು, ಸೋಂಕು ತಗಲದ ಪ್ರತ್ಯೇಕ ವಾರ್ಡು ಜಿಲ್ಲೆಯಲ್ಲೇ ಇರಬೇಕು. ರಾಜ್ಯದ ದಕ್ಷಿಣ ತುದಿಯಲ್ಲಿ ರೂಪುಗೊಂಡ ವಸ್ತು ಉತ್ತರ ತುದಿಯ ರೋಗಿಗೂ ದೊರೆಯುವಂತೆ ಮಾಡುವ ಹೊಣೆ ಸರಕಾರದ್ದು. ಅಧಿಕೃತರು ಇನ್ನಾದರೂ ಇತ್ತ ಗಮನ ಹರಿಸಲಿ.