ಕಾದು ಪಡೆದ ಕೂಸು, ಹೇಳಲಾಗದ ಅಳು



ಈ ಸಂಚಿಕೆಯಲ್ಲಿ ನಮ್ಮ ಮನೆಯ ಮಾತನ್ನೇ ಬರೆಯುತ್ತಿದ್ದೇನೆ. ಮಗಳ ಒಪ್ಪಿಗೆ ಪಡೆದಿದ್ದೇನೆ. "ಬರೀರಿ ಅಪ್ಪಾಜಿ, ಆದರ ನಿಮ್ಮ ತಪ್ಪೂ ಬರೀರಿ" ಎಂದು ಅವಳು ಷರತ್ತು ಹಾಕಿದ್ದಾಳೆ.

ಮದುವೆಯಾಗಿ ಎಂಟು ವರ್ಷ ಅವಳಿಗೆ ಮಕ್ಕಳಾಗಲಿಲ್ಲ. ಮೂರು ಸಲ ಐವಿಎಫ್ ಮಾಡಿಸಿದರು. ಪ್ರತಿ ಸಲವೂ ಹತ್ತು ಹನ್ನೆರಡು ದಿನ ಹಾರ್ಮೋನಿನ ಸೂಜಿ, ಆಮೇಲೆ ಅಂಡ ತೆಗೆಯುವುದು, ಭ್ರೂಣ ಇಡುವುದು, ರಕ್ತಪರೀಕ್ಷೆಗಾಗಿ ಎರಡು ವಾರ ಉಸಿರು ಬಿಗಿಹಿಡಿದು ಕಾಯುವುದು. ಮೊದಲನೆಯದು ನಿಲ್ಲಲಿಲ್ಲ. ಎರಡನೆಯದು ಒಂಬತ್ತನೇ ವಾರದಲ್ಲಿ ಹೋಯಿತು. ಮೂರನೆಯದರಲ್ಲಿ ಹೆಣ್ಣು ಕೂಸು ಹುಟ್ಟಿತು. ಪೇಢೆ ಹಂಚಿದೆವು, ಮಠದಲ್ಲಿ ಒಂದು ದಿನದ ದಾಸೋಹ ಮಾಡಿಸಿದೆವು. ಕಷ್ಟ ಮುಗಿಯಿತು ಎಂದುಕೊಂಡೆ.

ಇಪ್ಪತ್ತನೇ ದಿನದ ರಾತ್ರಿ ನೀರು ಕುಡಿಯಲು ಎದ್ದಾಗ ಬಾಣಂತಿ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಕೂಸು ನಿದ್ದೆಯಲ್ಲಿತ್ತು. ಮಗಳು ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತ ಅಳುತ್ತಿದ್ದಳು. ಹಲವು ರಾತ್ರಿಯಿಂದ ಹೀಗೇ ಇದ್ದಳೆಂದು ಆಮೇಲೆ ತಿಳಿಯಿತು. "ಅಪ್ಪಾಜಿ, ಕೂಸು ನಂದು ಅಂತ ಅನಸವಲ್ದು. ಯಾರೋ ಇಟ್ಕೋ ಅಂತ ಕೊಟ್ಟು ಹೋಗ್ಯಾರ, ನಾಳೆ ಬಂದು ತಿರುಗಿ ಒಯ್ತಾರ ಅನಸ್ತದ" ಎಂದಳು. ಅದಕ್ಕೆ ನಾನು ಕೊಟ್ಟ ಉತ್ತರ: "ಎಂಟು ವರ್ಷ ನೀ ಬೇಡಿದ್ದು ಇದನ್ನ ಅಲ್ಲೇನವ್ವಾ? ಈಗ ಅತ್ತರ ಹೆಂಗ?"

ಅವಳು ಕಣ್ಣೊರೆಸಿಕೊಂಡು ಸುಮ್ಮನಾದಳು. ನಾನು ಸಮಾಧಾನ ಮಾಡಿದೆನೆಂದು ತಿಳಿದು ಹೋಗಿ ಮಲಗಿದೆ. ಅದರ ನಂತರ ಮೂರು ವಾರ ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಸಹಜವಾಗಿ ಹೆತ್ತವಳು ನಿದ್ದೆಯಿಲ್ಲ, ಮೈ ನೋಯುತ್ತದೆ, ಸಾಕಾಯಿತು ಎಂದು ಗೊಣಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಚಿಕಿತ್ಸೆಯಿಂದ ಹೆತ್ತವಳಿಗೆ ಆ ಸ್ವಾತಂತ್ರ್ಯವೂ ಇಲ್ಲ. ಇಷ್ಟು ಖರ್ಚು ಮಾಡಿ, ಇಷ್ಟು ಹರಕೆ ಹೊತ್ತು ಪಡೆದದ್ದಕ್ಕೆ ಅವಳು ಸದಾ ನಗುತ್ತಿರಬೇಕು. ನಗು ಬಾರದಿದ್ದರೆ, ತಾಯಿಯಾಗುವ ಯೋಗ್ಯತೆ ಇಲ್ಲದ್ದಕ್ಕೇ ಮೊದಲು ಮಕ್ಕಳಾಗಲಿಲ್ಲವೇನೋ ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಈ ಮಾತು ನನ್ನದಲ್ಲ, ಮಗಳು ಮನೋವೈದ್ಯರ ಎದುರು ಹೇಳಿದ್ದು.

ಬಸುರಿಯಿದ್ದಾಗಲೇ ಸೂಚನೆಗಳಿದ್ದವು. ಕುಬಸ ಬೇಡವೆಂದಳು. ಕೂಸಿಗೆ ಒಂದು ಕುಂಚಿಗೆ ಹೊಲಿಸಲೂ ಬಿಡಲಿಲ್ಲ. ಕಲಿತವರ ಬಿಂಕ ಎಂದು ನೆಂಟರು ಆಡಿಕೊಂಡರು. ಮನೋವೈದ್ಯರು ವಿವರಿಸಿದ ಮೇಲೆ ತಿಳಿಯಿತು: ಒಂದೆರಡು ಸಲ ಆಸೆ ಇಟ್ಟು ಕಳೆದುಕೊಂಡ ಮನಸ್ಸು ಮುಂದಿನ ಪೆಟ್ಟಿಗೆ ಅಂಜಿ ಕೂಸಿನ ಮೇಲೆ ಮೋಹ ಬೆಳೆಸಿಕೊಳ್ಳುವುದನ್ನೇ ತಡೆಹಿಡಿಯುತ್ತದೆ. ಹೆರಿಗೆಯಾದ ತಕ್ಷಣ ಆ ತಡೆ ತಾನಾಗಿ ಕಳಚುವುದಿಲ್ಲ.

ನಾನು ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿದವನು. ಹೊಸ ಜಲಾಶಯಕ್ಕೆ ಮೊದಲ ಸಲ ನೀರು ತುಂಬಿಸುವ ಕಾಲ ಬಹಳ ಸೂಕ್ಷ್ಮವಾದದ್ದು. ವರ್ಷಗಟ್ಟಲೆ ಕಾದ ನೀರೇ ಕಟ್ಟೆಯ ಮೇಲಿನ ಭಾರ. ಆಗ ಹಂತಹಂತವಾಗಿ ತುಂಬಿಸಿ ದಿನಾಲೂ ಸೋರಿಕೆ ಅಳೆಯುತ್ತೇವೆ. ನಮ್ಮ ಮನೆಯಲ್ಲಿ ಅಳೆದದ್ದು ಕೂಸಿನ ತೂಕ ಮಾತ್ರ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕೆಂಬ ನಿಯಮವಿದೆ. ನಮ್ಮಲ್ಲಿಗೂ ಬಂದಳು, ತೂಕ ನೋಡಿದಳು, ಜ್ವರ ನೋಡಿದಳು. ನಿನ್ನ ಮನಸ್ಸು ಹೇಗಿದೆ ತಂಗಿ ಎಂದು ಅವಳೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಹೆರಿಗೆಯಾದ ಮೊದಲ ವಾರ ಹತ್ತು ದಿನ ಕಾರಣವಿಲ್ಲದೆ ಕಣ್ಣೀರು ಬರುವುದು ಸಾಮಾನ್ಯ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದರೆ ಅದು ಬೇನೆ. ಅಭಿವೃದ್ಧಿಶೀಲ ದೇಶಗಳಲ್ಲಿ ಹೆತ್ತವರ ಪೈಕಿ ಸುಮಾರು ಐವರಲ್ಲಿ ಒಬ್ಬಳಿಗೆ ಮಾನಸಿಕ ತೊಂದರೆ, ಹೆಚ್ಚಾಗಿ ಖಿನ್ನತೆ, ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತೇ ಪ್ರಶ್ನೆಗಳ ಹಾಳೆ ಇದೆ, ಕನ್ನಡದಲ್ಲೂ ಸಿಗುತ್ತದೆ. ತುಂಬಲು ಐದು ನಿಮಿಷ ಸಾಕು. ತಾಯಿ ಮತ್ತು ಕೂಸನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ನನ್ನ ಮಗಳಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ಊರಿನ ಮನೋವೈದ್ಯರೇ ಮಾತು ಮತ್ತು ಹಾಲೂಡಿಸುವವರಿಗೆ ಹೊಂದುವ ಮಾತ್ರೆಗಳಿಂದ ಕೆಲವು ತಿಂಗಳಲ್ಲಿ ಗುಣಪಡಿಸಿದರು.

ಇದನ್ನು ಓದಿ ಐವಿಎಫ್ ತಾಯಂದಿರು ಅಂಜಬೇಕಿಲ್ಲ. ಇಂಥ ಕುಟುಂಬಗಳನ್ನು 1990ರ ದಶಕದಿಂದ ಅಧ್ಯಯನ ಮಾಡಿದ ಇಂಗ್ಲೆಂಡಿನ ಸೂಸನ್ ಗೊಲೊಂಬೊಕ್ ಮತ್ತು ಸಂಗಡಿಗರಿಗೆ ಕಂಡದ್ದು ಇದು: ಈ ತಾಯಂದಿರ ಪ್ರೀತಿ ಉಳಿದವರಿಗಿಂತ ಒಂದು ಕೈ ಹೆಚ್ಚೇ ಇತ್ತು, ಮಕ್ಕಳೂ ಎಲ್ಲರಂತೆ ಬೆಳೆದರು.

ಇನ್ನು ನಮ್ಮವರ ಮಾತಿಗೆ ಬರುತ್ತೇನೆ, ಕೆಲವರಿಗೆ ಕಹಿಯಾಗಬಹುದು. ಬಸವಾದಿ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರೆಂದು ವೇದಿಕೆಯ ಮೇಲೆ ಎದೆ ತಟ್ಟಿ ಹೇಳುತ್ತೇವೆ. ಅದೇ ವೇದಿಕೆಯ ಕೆಳಗೆ ಉಡಿ ತುಂಬುವಾಗ ಮಕ್ಕಳಿಲ್ಲದವಳನ್ನು ದಾಟಿ ಮುಂದೆ ಹೋಗುತ್ತೇವೆ. ನನ್ನ ಮಗಳನ್ನು ಎಂಟು ವರ್ಷ ಹಾಗೆ ದಾಟಿ ಹೋದವರಲ್ಲಿ ಲಿಂಗವಂತರಲ್ಲದವರು ಯಾರೂ ಇರಲಿಲ್ಲ. ಅಕ್ಕಮಹಾದೇವಿಗೆ ಅನುಭವ ಮಂಟಪದಲ್ಲಿ ಸಿಕ್ಕ ಗೌರವ ಮಕ್ಕಳನ್ನು ಹೆತ್ತದ್ದಕ್ಕೆ ಸಿಕ್ಕದ್ದೇ? ಕೊರತೆ ಗಂಡಸಿನಲ್ಲಿದ್ದಾಗಲೂ ಸೂಜಿ ಹೆಣ್ಣಿಗೆ, ಬಂಜೆಯೆಂಬ ಮಾತೂ ಹೆಣ್ಣಿಗೆ. ದಾನಿಯ ಅಂಡದಿಂದ ಮಗು ಪಡೆಯಬೇಕಾದಾಗ ದಾನಿಯ ಜಾತಿ ಯಾವುದೆಂದು ಮೊದಲು ಕೇಳುವ ದಂಪತಿಗಳಿದ್ದಾರೆಂದು ವೈದ್ಯರೊಬ್ಬರು ನನಗೆ ಹೇಳಿದರು. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯ ಕಥೆಯನ್ನು ಪ್ರತಿ ವರ್ಷ ಬಸವ ಜಯಂತಿಯಲ್ಲಿ ಕೇಳುವವರು ನಾವು. 2021ರ ಕಾಯ್ದೆ ಚಿಕಿತ್ಸೆಯಿಂದ ಹುಟ್ಟಿದ ಮಗು ಆ ದಂಪತಿಯದೇ ಎಂದು ಸ್ಪಷ್ಟವಾಗಿ ಹೇಳಿದೆ. ತೊಟ್ಟಿಲು ಹಾಕುವ ದಿನ ಮಾತ್ರ "ಕೂಸು ಯಾರನ್ನ ಹೋಲ್ತದ?" ಎಂಬ ಪ್ರಶ್ನೆ ನಿಲ್ಲುವುದಿಲ್ಲ. ಅದನ್ನು ಕೇಳಿ ಎಷ್ಟು ತಾಯಂದಿರ ಎದೆ ಧಸಕ್ ಎನ್ನುತ್ತದೋ.

ಅದೇ ಕಾಯ್ದೆ ಚಿಕಿತ್ಸಾಲಯಗಳು ದಂಪತಿಗೆ ಆಪ್ತಸಲಹೆ ಕೊಡಬೇಕೆಂದೂ ಹೇಳುತ್ತದೆ. ನಮ್ಮ ಅನುಭವದಲ್ಲಿ ಅದು ಸಹಿ ಹಾಕಿಸಿಕೊಳ್ಳುವ ಒಂದು ಹಾಳೆಯಾಗಿತ್ತು. ಹೆರಿಗೆಯ ನಂತರ ಕೇಳುವವರಿಲ್ಲ. ಈ ಕೆಲಸವನ್ನು ಮಠಗಳ ಅಕ್ಕನ ಬಳಗಗಳು ಹೊತ್ತುಕೊಳ್ಳಬಹುದು. ಬಾಣಂತಿಯ ಮನೆಗೆ ಹೋದಾಗ ಕೂಸನ್ನು ಎತ್ತಿಕೊಳ್ಳುವ ಮೊದಲು ತಾಯಿಯ ಹತ್ತಿರ ಹತ್ತು ನಿಮಿಷ ಕೂರಲಿ. ಆ ಹತ್ತು ಪ್ರಶ್ನೆಗಳ ಹಾಳೆ ಮಠದ ಆಸ್ಪತ್ರೆಗಳಲ್ಲಿ ಇರಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೂ ಸಿಗುತ್ತದೆ, ಆ ಸಂಖ್ಯೆಯನ್ನು ದಾಸೋಹ ಮನೆಯ ಗೋಡೆಯ ಮೇಲೆ ಬರೆಸೋಣ.

ಬರುವ ಹುಣ್ಣಿಮೆಯ ಶಿವಾನುಭವ ಗೋಷ್ಠಿಗೆ ಪೂಜ್ಯರ ಅಪ್ಪಣೆ ಪಡೆದು ಮನೋವೈದ್ಯರೊಬ್ಬರನ್ನು ಕರೆದಿದ್ದೇವೆ. ಸಂಜೆ 6 ಗಂಟೆಗೆ. ಗಂಡಂದಿರು, ಅತ್ತೆಯಂದಿರು, ನನ್ನಂಥ ಅಜ್ಜಂದಿರು ಅಗತ್ಯವಾಗಿ ಬರಬೇಕು. ಕೂಸು ಕಟ್ಟಿಕೊಂಡು ಬರುವ ತಾಯಂದಿರಿಗೆ ಪಕ್ಕದ ಕೋಣೆಯಲ್ಲಿ ಎರಡು ತೊಟ್ಟಿಲು ಹಾಕಿಸಿದ್ದೇವೆ. ಒಂದರಲ್ಲಿ ನನ್ನ ಮೊಮ್ಮಗಳಿರುತ್ತಾಳೆ.